ಬೆಳಗಿನ ಹಸಿವು ಮತ್ತು ರಾತ್ರಿಯ ಊಟ: ನಾಲ್ಕು ಕ್ರಮಗಳ ಹೋಲಿಕೆ

ಎದ್ದ ಕೂಡಲೇ ಹೊಟ್ಟೆ ಚುರುಗುಟ್ಟುವುದು ಹಿಂದಿನ ರಾತ್ರಿ ಕಡಿಮೆ ಉಂಡದ್ದರಿಂದ ಎಂದೇ ಹೆಚ್ಚಿನವರು ತಿಳಿಯುತ್ತಾರೆ. ರಾತ್ರಿಯ ಊಟವನ್ನು ನಾಲ್ಕು ಬಗೆಯಲ್ಲಿ ಬದಲಿಸಿ, ಪ್ರತಿಯೊಂದನ್ನೂ ಮೈಗೆ ಒಗ್ಗುವಷ್ಟು ಕಾಲ ನಡೆಸಿ ನೋಡಿದ ಮೇಲೆ, ತಟ್ಟೆಯಲ್ಲಿ ಎಷ್ಟಿದೆ ಎಂಬುದಕ್ಕಿಂತ ಏನಿದೆ ಮತ್ತು ಊಟ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂಬುದೇ ಹೆಚ್ಚು ಮುಖ್ಯವೆಂದು ನನಗೆ ಮನವರಿಕೆಯಾಗಿದೆ. ನಾನು ಇಟ್ಟುಕೊಂಡ ಅಳತೆಗೋಲು ಸರಳವಾದದ್ದು: ಎದ್ದ ಮೇಲೆ ಒಂದೆರಡು ಗಂಟೆ ಸಿಡುಕು, ಕೈನಡುಕ ಇಲ್ಲದೆ ಕಾಯಲು ಆಗುತ್ತದೆಯೇ, ತಿಂಡಿಗೆ ಕುಳಿತಾಗ ಹದವರಿತು ಏಳಲು ಆಗುತ್ತದೆಯೇ? ಬೆಳಿಗ್ಗೆ ಹಸಿವೇ ಆಗದಿರುವುದನ್ನು ನಾನು ಲಾಭವೆಂದು ಎಣಿಸಿಲ್ಲ.

ಮೊದಲನೆಯದು, ತಡವಾಗಿ ಹೊಟ್ಟೆತುಂಬ ಉಣ್ಣುವ ಕ್ರಮ. ಇದು ಎಲ್ಲಕ್ಕಿಂತ ಸುಲಭ, ಏಕೆಂದರೆ ದೇಹದ ಗಡಿಯಾರವೇ ಇದರ ಪರವಾಗಿದೆ. ನಿದ್ದೆ ಮತ್ತು ಊಟಗಳನ್ನು ದಿನದ ಎಲ್ಲ ಹೊತ್ತಿಗೂ ಸಮನಾಗಿ ಹಂಚಿ ನಡೆಸಿದ, 2013ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಹಸಿವು ಬೆಳಿಗ್ಗೆ ಸುಮಾರು 8ಕ್ಕೆ ಅತಿ ಕಡಿಮೆಯಾಗಿಯೂ ರಾತ್ರಿ ಸುಮಾರು 8ಕ್ಕೆ ಅತಿ ಹೆಚ್ಚಾಗಿಯೂ ಕಂಡುಬಂದಿತ್ತು. ಹೀಗಾಗಿ ರಾತ್ರಿ ಎರಡನೆಯ ಬಾರಿ ಬಡಿಸಿಕೊಳ್ಳಲು ಯಾವ ಒತ್ತಾಯವೂ ಬೇಕಾಗುವುದಿಲ್ಲ. ಬೆಳಗಿನ ಫಲಿತಾಂಶ ಮಾತ್ರ ನಿರೀಕ್ಷೆಗೆ ವಿರುದ್ಧವಾಗಿತ್ತು: ಎದ್ದಾಗ ಹೊಟ್ಟೆ ಭಾರ, ತಿಂಡಿಯ ಮೇಲೆ ಮನಸ್ಸಿಲ್ಲ, ಅದಾದ ಒಂದೆರಡು ಗಂಟೆಯಲ್ಲಿ ಏನು ಸಿಕ್ಕರೂ ಸರಿ ಎನ್ನುವಂತಹ ಹಸಿವು. ಊಟವನ್ನು ಸುಮಾರು 4 ಗಂಟೆ ಮುಂದೂಡಿ ನಡೆಸಿದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿಯೂ, ತಿಂದ ಆಹಾರ ಅದೇ ಆಗಿದ್ದರೂ ಎಚ್ಚರವಿರುವ ಹೊತ್ತಿನ ಹಸಿವು ಹೆಚ್ಚಿತ್ತು. ಅದರಲ್ಲಿ ಭಾಗವಹಿಸಿದವರು 16 ಮಂದಿ ಮಾತ್ರ, ಅವರೆಲ್ಲರೂ ಅಧಿಕ ತೂಕದವರು. ಆದ್ದರಿಂದ ಅದನ್ನು ಎಲ್ಲರಿಗೂ ಅನ್ವಯಿಸುವುದು ಸರಿಯಲ್ಲವಾದರೂ ನನ್ನ ಅನುಭವ ಅದೇ ದಿಕ್ಕಿನಲ್ಲಿದೆ.

ಎರಡನೆಯದು ಇದಕ್ಕೆ ತದ್ವಿರುದ್ಧವಾದುದು: ಹೊತ್ತು ಮುಳುಗುವ ಮೊದಲೇ ಹಗುರವಾಗಿ ಉಂಡು ಮುಗಿಸಿ, ಆಮೇಲೆ ನೀರಲ್ಲದೆ ಬೇರೇನನ್ನೂ ಮುಟ್ಟದಿರುವುದು. ಮೊದಮೊದಲು ಇದು ಕಷ್ಟವೇ. ಜಪಾನಿನ ಕೊಜಿಮಾ ಮತ್ತು ಕಂಗಾವಾ ಅವರ ತಂಡ 1999ರಲ್ಲಿ ಗುರುತಿಸಿದ ಘ್ರೆಲಿನ್ ಎಂಬ ಹಸಿವಿನ ಹಾರ್ಮೋನು ರೂಢಿಯ ಊಟದ ವೇಳೆಗೆ ಮುಂಚಿತವಾಗಿ ಏರುತ್ತದೆ. ಹಳೆಯ ಊಟದ ಹೊತ್ತಿಗೆ ಹೊಟ್ಟೆ ತಾಳ ಹಾಕುವುದನ್ನು ಕೆಲವು ದಿನ ಸಹಿಸಿಕೊಂಡರೆ ಅದು ಹೊಸ ವೇಳೆಗೆ ಹೊಂದಿಕೊಳ್ಳುತ್ತದೆ. ನನಗೆ ತೊಡಕಾದದ್ದು ಬೇರೆ ಕಡೆ. ಹಸಿದು ಮಲಗಿದ ರಾತ್ರಿ ನಡುವೆ ಎಚ್ಚರವಾಗುತ್ತಿತ್ತು, ಮತ್ತು ನಿದ್ದೆಗೆಟ್ಟ ಮರುದಿನದ ಹಸಿವಿಗೆ ಮಿತಿಯೇ ಇರುತ್ತಿರಲಿಲ್ಲ. 2004ರ ಒಂದು ಪ್ರಯೋಗದಲ್ಲಿ ಎರಡು ರಾತ್ರಿ 4 ಗಂಟೆಯಷ್ಟೇ ಮಲಗಲು ಬಿಟ್ಟ ಆರೋಗ್ಯವಂತ ಯುವಕರಲ್ಲಿ ಘ್ರೆಲಿನ್ ಶೇ. 28ರಷ್ಟು ಏರಿ, ತೃಪ್ತಿಯನ್ನು ಸೂಚಿಸುವ ಲೆಪ್ಟಿನ್ ಶೇ. 18ರಷ್ಟು ಇಳಿದಿತ್ತು. ಬೇಗ ಮಲಗಿ ಗಾಢವಾಗಿ ನಿದ್ರಿಸುವವರಿಗೆ ಈ ಕ್ರಮ ಚೆನ್ನಾಗಿ ಹೊಂದಬಹುದು. ತಡವಾಗಿ ಮಲಗುವವರಿಗೆ ಇದು ಉಪವಾಸದ ಇನ್ನೊಂದು ರೂಪವಷ್ಟೇ.

ಮೂರನೆಯ ಕ್ರಮದಲ್ಲಿ ಊಟದ ಗಾತ್ರವನ್ನು ಹೆಚ್ಚಿಸದೆ ಅದರ ಒಳಗನ್ನು ಬದಲಿಸಿದೆ. ಮಲಗುವುದಕ್ಕೆ ಸುಮಾರು 3 ಗಂಟೆ ಮೊದಲು, ತಟ್ಟೆಯ ಅರ್ಧಕ್ಕೆ ಬೇಯಿಸಿದ ಕಾಳು ಮತ್ತು ಇಡಿಯಾದ ಬಾರ್ಲಿ, ಉಳಿದರ್ಧಕ್ಕೆ ತರಕಾರಿ, ಕೆಲವೊಮ್ಮೆ ಒಂದು ಮೊಟ್ಟೆ. ಇದರ ಹಿಂದಿನ ತರ್ಕ ಹಳೆಯದು. ಒಂದು ಊಟದಲ್ಲಿನ ನಿಧಾನವಾಗಿ ಜೀರ್ಣವಾಗುವ ಪಿಷ್ಟವು ಅದರ ಮುಂದಿನ ಊಟದ ನಂತರದ ಸಕ್ಕರೆಯ ಏರಿಕೆಯನ್ನೂ ತಗ್ಗಿಸುತ್ತದೆ ಎಂದು ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 1982ರಲ್ಲಿ ಬೇಳೆಯನ್ನು ಕೊಟ್ಟು ತೋರಿಸಿದ್ದರು. ರಾತ್ರಿಯ ಊಟದ ಪರಿಣಾಮ ಮರುದಿನದ ತಿಂಡಿಯವರೆಗೂ ಮುಟ್ಟುತ್ತದೆ ಎಂಬುದು 1988ರಲ್ಲಿ ದೃಢಪಟ್ಟಿತು. ಸಣ್ಣ ಕರುಳಿನಲ್ಲಿ ಜೀರ್ಣವಾಗದೆ ಉಳಿದ ನಾರು ಮತ್ತು ಪಿಷ್ಟವನ್ನು ದೊಡ್ಡ ಕರುಳಿನ ಸೂಕ್ಷ್ಮಜೀವಿಗಳು ಗಂಟೆಗಟ್ಟಲೆ ಹುದುಗಿಸುತ್ತವೆ, ಆ ಕೆಲಸ ಬೆಳಗಿನ ಜಾವದವರೆಗೂ ಸಾಗುತ್ತದೆ, ಅದರಿಂದ ಹುಟ್ಟುವ ಕೊಬ್ಬಿನಾಮ್ಲಗಳು ಹೊಟ್ಟೆ ತುಂಬಿದೆಯೆಂದು ತಿಳಿಸುವ ಕರುಳಿನ ಹಾರ್ಮೋನುಗಳನ್ನು ಹೆಚ್ಚಿಸುತ್ತವೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು ಬಾರ್ಲಿಯ ಇಡಿಕಾಳಿನ ಮೇಲೆ ಮಾಡಿದ ಪ್ರಯೋಗಗಳು ಇದನ್ನೇ ಹೇಳುತ್ತವೆ. ಇಡಿಕಾಳು ಎಂಬುದನ್ನು ಗಮನಿಸಬೇಕು; ನುಣ್ಣಗೆ ಬೀಸಿದ ಹಿಟ್ಟು ಬೇಗ ಜೀರ್ಣವಾಗಿಬಿಡುತ್ತದೆ. ಹಲ್ಲಿಗೆ ಸಿಕ್ಕಿ ಸ್ವಲ್ಪ ಜಗಿಯಬೇಕಾಗುವಷ್ಟು ಗಟ್ಟಿಯಾಗಿ ಬೇಯಿಸಿದ ದಿನ ನನಗೆ ಪರಿಣಾಮ ಸ್ಪಷ್ಟವಾಗಿತ್ತು: ಹಸಿವು ಇರುತ್ತಿತ್ತು, ಅವಸರ ಇರುತ್ತಿರಲಿಲ್ಲ.

ಇದರ ದೋಷವನ್ನೂ ಹೇಳಬೇಕು. ಕಾಳಿನ ರೂಢಿಯಿಲ್ಲದ ಹೊಟ್ಟೆ ಮೊದಲ ವಾರ ವಾಯುವಿನಿಂದ ಉಬ್ಬರಿಸುತ್ತದೆ. ಕಾಳನ್ನು ಚೆನ್ನಾಗಿ ನೆನೆಸಿ, ಆ ನೀರನ್ನು ಚೆಲ್ಲಿ ಬೇಯಿಸುವುದರಿಂದಲೂ, ಸಣ್ಣ ಬಟ್ಟಲಿನಿಂದ ಆರಂಭಿಸುವುದರಿಂದಲೂ ಅದು ಬಹುಪಾಲು ತಗ್ಗುತ್ತದೆ. ಆಲೂಗಡ್ಡೆಯೇ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಿಡ್ನಿಯಲ್ಲಿ ನಡೆದು 1995ರಲ್ಲಿ ಪ್ರಕಟವಾದ ತೃಪ್ತಿಯ ಸೂಚ್ಯಂಕದಲ್ಲಿ ಬಿಳಿ ಬ್ರೆಡ್ಡಿಗೆ 100 ಅಂಕವಾದರೆ ಬೇಯಿಸಿದ ಆಲೂಗಡ್ಡೆಗೆ 323 ಸಿಕ್ಕಿತ್ತು. ಆದರೆ ಅಲ್ಲಿ ಅಳೆದದ್ದು ತಿಂದ ನಂತರದ 2 ಗಂಟೆಯನ್ನು ಮಾತ್ರ. ಮರುದಿನದ ಬೆಳಗಿಗೂ ಅದಕ್ಕೂ ಸಂಬಂಧವಿಲ್ಲ.

ನಾಲ್ಕನೆಯದು, ಬೇಗ ಹಗುರವಾಗಿ ಉಂಡು ಮಲಗುವ ಮುನ್ನ ಸ್ವಲ್ಪ ಏನಾದರೂ ತಿನ್ನುವುದು. ಒಂದು ಸಣ್ಣ ಬಟ್ಟಲು ಸಿಹಿ ಹಾಕದ ಮೊಸರು ಮತ್ತು ಕೆಲವು ಬಾದಾಮಿ ಇದ್ದಾಗ ನಿದ್ದೆಯೂ ಬೆಳಗೂ ನೆಮ್ಮದಿಯಾಗಿದ್ದವು. ಅದರ ಜಾಗದಲ್ಲಿ ಬಿಸ್ಕತ್ತು ಬಂದಾಗ ಆ ನೆಮ್ಮದಿ ಇರಲಿಲ್ಲ, ಜೊತೆಗೆ ಎರಡಕ್ಕೇ ನಿಲ್ಲಿಸುವುದು ಯಾರಿಂದಲೂ ಆಗದ ಕೆಲಸ. ಎದೆಯುರಿ ಇರುವವರಿಗೆ ಈ ಕ್ರಮ ತಕ್ಕುದಲ್ಲ.

ಇವುಗಳಲ್ಲಿ ಮೂರನೆಯದನ್ನೇ ನಾನು ಉಳಿಸಿಕೊಂಡಿದ್ದೇನೆ; ಸಂಜೆ ಬೇಗ ಉಣ್ಣಲೇಬೇಕಾದ ದಿನಗಳಿಗೆ ನಾಲ್ಕನೆಯದನ್ನು ಇಟ್ಟುಕೊಂಡಿದ್ದೇನೆ. ಎರಡನೆಯದರ ಮೇಲೆ ನನಗೆ ಗೌರವವಿದೆ, ಒಲವಿಲ್ಲ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ರಾತ್ರಿಯ ಊಟದ ವೇಳೆಯನ್ನಾಗಲಿ ಅಳತೆಯನ್ನಾಗಲಿ ವೈದ್ಯರನ್ನು ಕೇಳದೆ ಬದಲಿಸಬಾರದು, ಏಕೆಂದರೆ ನಿದ್ದೆಯಲ್ಲಿ ಸಕ್ಕರೆ ತೀರ ಇಳಿದರೆ ಅದು ಅಪಾಯಕ್ಕೆ ಎಡೆಮಾಡುತ್ತದೆ. ಬೆವರು, ನಡುಕ, ಎದೆಬಡಿತದೊಡನೆ ಎಚ್ಚರವಾಗುವುದನ್ನು ಬರೀ ಹಸಿವೆಂದು ತಳ್ಳಿಹಾಕುವಂತಿಲ್ಲ. ಇನ್ನು, ಹೇಗೂ ಊಟ ತಡವಾಗುವ ದಿನ ನಾನು ಧಾನ್ಯವನ್ನು ಅರ್ಧಕ್ಕೆ ಇಳಿಸುತ್ತೇನೆ, ಕಾಳು ತರಕಾರಿಗಳನ್ನು ಹಾಗೆಯೇ ಇರಿಸುತ್ತೇನೆ.