ಮಲೆನಾಡಿನ ಮನೆಗಳಿಗೆ ಕ್ಯಾಂಪರ್ ವ್ಯಾನ್: ಮೂರು ಬೇಸಿಗೆ ಬಳಸಿದ ಮೇಲೆ

ಶಿವಮೊಗ್ಗದಿಂದ ಹೊರಟು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಗೆಳೆಯರ ಮನೆಗಳಲ್ಲಿ ಒಂದೊಂದು ರಾತ್ರಿ ಉಳಿದು ಬರುವ ಗಂಡ-ಹೆಂಡತಿಗೆ ಇಬ್ಬರು ಮಲಗುವ ವ್ಯಾನ್ ಧಾರಾಳ ಸಾಕು. ಇದು ಡೀಸೆಲ್ ವ್ಯಾನನ್ನು ಮಾರ್ಪಡಿಸಿದ್ದು. 200 ಎಎಚ್ (ಆಂಪಿಯರ್-ಅವರ್) ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ, 330 ವ್ಯಾಟ್ ಸೋಲಾರ್, 100 ಲೀಟರ್ ನೀರಿನ ಟ್ಯಾಂಕ್, 45 ಲೀಟರ್ ಕಂಪ್ರೆಸರ್ ಫ್ರಿಜ್, ಕ್ಯಾಸೆಟ್ ಟಾಯ್ಲೆಟ್ (ಕೆಳಗಿನ ಪೆಟ್ಟಿಗೆಯನ್ನು ಹೊರಗೆಳೆದು ಖಾಲಿ ಮಾಡುವಂಥದ್ದು) ಇವೆ.

ಸೋಲಾರ್ ವಿಷಯ ಮೊದಲು, ಜನ ದುಡ್ಡು ಸುರಿಯುವುದು ಅಲ್ಲೇ. ಇಲ್ಲಿನ ಮನೆಗಳು ತೋಟದ ಮಗ್ಗುಲಲ್ಲಿ, ಹಲಸು-ಮಾವಿನ ನೆರಳಿನಲ್ಲಿ ಇರುತ್ತವೆ. ಪ್ಯಾನೆಲ್ಲಿನ ಸೆಲ್‌ಗಳು ಒಂದರ ಹಿಂದೆ ಒಂದು ಸರಣಿಯಲ್ಲಿ ಜೋಡಿಸಿದವು. ಒಂದು ತೆಂಗಿನ ಗರಿಯ ನೆರಳು ಮೂಲೆಗೆ ಬಿದ್ದರೂ ಅದರಡಿಯ ಸೆಲ್ ಇಡೀ ಸಾಲನ್ನು ಕಟ್ಟಿಹಾಕುತ್ತದೆ. ಬಿಸಿಲಿಗೆ ನಿಲ್ಲಿಸಿದರೆ ಒಳಗೆ ಕೂರಲು ಆಗುವುದಿಲ್ಲ. ಹಾಗಾಗಿ ಇಲ್ಲಿ ವ್ಯಾನನ್ನು ಬದುಕಿಸುವುದು ಪ್ಯಾನೆಲ್ ಅಲ್ಲ, ಇಂಜಿನ್‌ನಿಂದ ಬ್ಯಾಟರಿ ತುಂಬಿಸುವ 30 ಆಂಪಿಯರ್ ಡಿಸಿ-ಡಿಸಿ ಚಾರ್ಜರ್. ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಒಂದೂವರೆ ಗಂಟೆ ಓಡಿಸಿದರೆ ಹತ್ತಿರ ಹತ್ತಿರ 45 ಎಎಚ್ ಸೇರುತ್ತದೆ. ಫ್ರಿಜ್‌ನ ಒಂದು ದಿನದ ಖರ್ಚು ಅಷ್ಟರಲ್ಲೇ ಮುಗಿಯುತ್ತದೆ. ಹೊಸ ವ್ಯಾನ್‌ಗಳ ಆಲ್ಟರ್ನೇಟರ್ (ಇಂಜಿನ್ ಓಡುವಾಗ ಕರೆಂಟ್ ಕೊಡುವ ಯಂತ್ರ) ತಾನಾಗಿ ವೋಲ್ಟೇಜ್ ಇಳಿಸುವುದರಿಂದ ಚಾರ್ಜರ್ ಬದಲು ಎರಡು ಬ್ಯಾಟರಿಗಳನ್ನು ಜೋಡಿಸುವ ಬರೀ ರಿಲೇ ಸ್ವಿಚ್ ಹಾಕಿಸಿಕೊಂಡರೆ ಬ್ಯಾಟರಿ ಪೂರ್ತಿ ತುಂಬುವುದಿಲ್ಲ.

ಮನೆಯ ಕರೆಂಟಿಗೆ ಸಿಕ್ಕಿಸುವ ಚಾರ್ಜರ್ ಎಳೆಯುವುದು ಸುಮಾರು 450 ವ್ಯಾಟ್, ಅಂದರೆ 2 ಆಂಪಿಯರ್. ಜಗಲಿಯ 6 ಆಂಪಿಯರ್ ಸಾಕೆಟ್ ಸಾಕು. ಅದೇ ಸಾಕೆಟ್‌ಗೆ ಇಂಡಕ್ಷನ್ ಒಲೆ ಹಾಕಬೇಡಿ. ಕೇಬಲ್ 2.5 ಚದರ ಮಿಲಿಮೀಟರಿನ ಮೂರು ತಂತಿಯದು ಇರಲಿ, ರೀಲ್ ಪೂರ್ತಿ ಬಿಚ್ಚಿ ಬಳಸಿ. ಸುತ್ತಿದ್ದಂತೆಯೇ ಹೆಚ್ಚು ಕರೆಂಟ್ ಹರಿಸಿದರೆ ಒಳಗಿನ ಸುತ್ತು ಕಾಯುತ್ತದೆ. ಸಿಕ್ಕಿಸುವ ಮುಂಚೆ ಮಲ್ಟಿಮೀಟರ್ ಹಿಡಿದು ಫೇಸ್-ನ್ಯೂಟ್ರಲ್ ಮತ್ತು ಫೇಸ್-ಅರ್ತ್ ಎರಡನ್ನೂ ನೋಡಿ. ಎರಡರ ನಡುವೆ ದೊಡ್ಡ ವ್ಯತ್ಯಾಸ ಬಂದರೆ ಅರ್ತ್ ಸರಿ ಇಲ್ಲ. ಏಪ್ರಿಲ್-ಮೇಯಲ್ಲಿ ಜಂಬಿಟ್ಟಿಗೆ ನೆಲ ಒಣಗಿ ಅರ್ತ್ ಗುಂಡಿ ಕೈಕೊಡುವುದು ಮಾಮೂಲು. ನಾಲ್ಕು ಕೊಡ ನೀರು ಹೊಯ್ದು ಮತ್ತೆ ಅಳೆಯಿರಿ. ಗುಡುಗು ಕೇಳಿದ ತಕ್ಷಣ ಪ್ಲಗ್ ಕಿತ್ತಿಡಿ.

ನೀರಿನ ಪಂಪಿನಷ್ಟು ಕಾಟ ಬೇರೆ ಯಾವುದೂ ಕೊಡಲಿಲ್ಲ. ಗುಡ್ಡದ ಅಬ್ಬಿ ನೀರು ತಣ್ಣಗೆ, ರುಚಿಯಾಗಿ ಇರುತ್ತದೆ, ಆದರೆ ಪೈಪಿನಲ್ಲಿ ನುಣ್ಣನೆಯ ಕೆಮ್ಮಣ್ಣು, ಎಲೆಚೂರು ಬರುತ್ತವೆ. ಪಂಪಿನ ಮುಂದಿರುವ ಜಾಲರಿ ಕಟ್ಟಿಕೊಂಡಾಗ ಪಂಪ್ ಗೊರಗೊರ ಅನ್ನುತ್ತದೆ, ನಲ್ಲಿಯಲ್ಲಿ ನೀರು ತಡೆತಡೆದು ಬೀಳುತ್ತದೆ. ಸ್ವಿಚ್ ಆರಿಸಿ, ನಲ್ಲಿ ತಿರುಗಿಸಿ ಒತ್ತಡ ಬಿಡಿ, ಪಾರದರ್ಶಕ ಬಟ್ಟಲನ್ನು ಕೈಯಲ್ಲೇ ತಿರುಗಿಸಿ ಬಿಚ್ಚಿ. ಜಾಲರಿಯನ್ನು ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ಒಳಗಿನಿಂದ ಹೊರಕ್ಕೆ ಉಜ್ಜಿ. ಕೂರಿಸುವಾಗ ರಬ್ಬರ್ ಉಂಗುರ ತನ್ನ ತೋಡಿನಲ್ಲಿ ಸರಿಯಾಗಿ ಕುಳಿತಿದೆಯೇ ನೋಡಿ. ಕೂದಲೆಳೆಯಷ್ಟು ಸಂದಿದ್ದರೂ ಗಾಳಿ ಎಳೆದುಕೊಂಡು ಪಂಪ್ ನಿಲ್ಲದೆ ಓಡುತ್ತದೆ. ತುಂಬಿಸುವಾಗಲೇ ಪೈಪಿನ ಬಾಯಿಗೆ ಎರಡು ಮಡಿಕೆಯ ಪಂಚೆ ಬಟ್ಟೆ ಕಟ್ಟಿದರೆ ಈ ಕೆಲಸ ಅರ್ಧ ಉಳಿಯುತ್ತದೆ. ಕುಡಿಯಲು ಮಾತ್ರ ಕಾಯಿಸಿದ ನೀರೇ.

ನಮ್ಮ ದೊಡ್ಡ ದೂರು ಬಾಡಿ ಕಟ್ಟಿದವರ ಮೇಲೆ: ಬಚ್ಚಲ ನೀರಿನ ಟ್ಯಾಂಕನ್ನು ಹಿಂದಿನ ಆಕ್ಸಲ್‌ನ ಆಚೆ ನೇತುಹಾಕಿದ್ದಾರೆ. ರಸ್ತೆಯಿಂದ ಮನೆಗೆ ಇಳಿಯುವ ಕಡಿದಾದ ದಾರಿ ಮುಗಿದು ಸಮತಟ್ಟಾಗುವಲ್ಲಿ ಮೊದಲು ನೆಲಕ್ಕೆ ತಗಲುವುದು ಅದರ ವಾಲ್ವ್. ಎರಡು ಆಕ್ಸಲ್‌ಗಳ ನಡುವೆ ಇರಿಸಿ ಎಂದು ಪಟ್ಟು ಹಿಡಿಯಿರಿ. ಗಾಡಿಯ ಎತ್ತರ 2.9 ಮೀಟರ್ ಆದ್ದರಿಂದ ಅಂಗಳದ ಅಡಿಕೆ ಚಪ್ಪರದೊಳಗೆ ಹೋಗುವುದಿಲ್ಲ. ಉಣುಗೋಲಿನ (ಅಂಗಳದ ಗಳುಗಳ ಗೇಟು) ಅಗಲ, ಜೋತುಬಿದ್ದ ಸರ್ವಿಸ್ ತಂತಿ ಎರಡನ್ನೂ ಹಿಂದಿನ ದಿನವೇ ಫೋನಿನಲ್ಲಿ ಕೇಳಿಕೊಳ್ಳಿ. ಹಲಸಿನ ಮರದಡಿ ಮೇ ತಿಂಗಳಲ್ಲಿ ನಿಲ್ಲಿಸಲೇಬೇಡಿ.

ಆಗುಂಬೆಯ 14 ತಿರುವುಗಳನ್ನು ಇಳಿಯುವಾಗ ಎರಡನೇ ಗೇರ್, ನೀರಿನ ಟ್ಯಾಂಕ್ ಖಾಲಿ. 100 ಲೀಟರ್ ಎಂದರೆ 100 ಕಿಲೋ. ಅದನ್ನು ಹೊತ್ತು ಬ್ರೇಕ್ ಒತ್ತಿಯೇ ಇಳಿದರೆ ಕಾದ ಬ್ರೇಕ್ ಹಿಡಿಯುವುದಿಲ್ಲ. ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆ ಸ್ನೇಹಿತರಿದ್ದರೆ ಈಗ ಆರಾಮ. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಲಾಂಚ್‌ಗೆ ಕಾಯುವ ತಾಪತ್ರಯವಿಲ್ಲ.

ಕ್ಯಾಸೆಟ್‌ಗೆ ಎಂಜೈಮ್ ಪುಡಿ ಬಳಸಿ. ಫಾರ್ಮಾಲಿನ್ ಇರುವ ನೀಲಿ ದ್ರಾವಣ ಆತಿಥೇಯರ ಗೋಬರ್ ಗ್ಯಾಸ್ ಗುಂಡಿಗೆ ಬಿದ್ದರೆ ಅದರ ಬ್ಯಾಕ್ಟೀರಿಯಾ ಸತ್ತು ಅವರ ಒಲೆ ಆರುತ್ತದೆ. ಕಾಡಂಚಿನ ದರಕಿನ (ಒಣಗಿ ಉದುರಿದ ಎಲೆ) ಮೇಲೆ ಚಾಪೆ ಹಾಸಿ ಕೂರುವುದೂ ಬೇಡ. ಮಂಗನ ಕಾಯಿಲೆ ಹರಡುವ ಉಣುಗು ಬೇಸಿಗೆಯಲ್ಲಿ ಅಲ್ಲೇ ಇರುತ್ತದೆ. ಗುಡಿಸಿದ ಅಂಗಳ ಸಿಕ್ಕರೆ ಮಾತ್ರ ಕುರ್ಚಿ ಹೊರಗೆ ತೆಗೆಯಿರಿ.

ಜೂನ್ ಮಳೆ ಹಿಡಿಯುವ ಮುಂಚೆ ಹಾಸಿಗೆಯನ್ನು ಮನೆಯೊಳಗೆ ಒಯ್ದು ನಿಲ್ಲಿಸಿಡಿ, ಇಲ್ಲದಿದ್ದರೆ ಅಡಿಭಾಗ ಬೂಷ್ಟು ಹಿಡಿಯುತ್ತದೆ. ಬ್ಯಾಟರಿ ಅರ್ಧ ಚಾರ್ಜ್‌ನಲ್ಲಿರಲಿ, ಫ್ರಿಜ್ ಬಾಗಿಲಿಗೆ ಒಂದು ಕಡ್ಡಿ ಸಿಕ್ಕಿಸಿ ಸ್ವಲ್ಪ ತೆರೆದಿಡಿ.