ಕ್ಯಾಂಪರ್ ಇಳಿಸೋಕೆ ಚೈನ್ ಬ್ಲಾಕಾ, ಜಾಕ್ ಕಾಲಾ?

ಪಿಕಪ್ ಮೇಲೆ ಕೂರಿಸುವ ಕ್ಯಾಂಪರ್ (ಮಲಗೋಕೆ, ಅಡುಗೆಗೆ ಆಗುವ ಮನೆಯಂಥ ಡಬ್ಬ) ಮಾಡಿಸುವಾಗ ಮಂಚ ಎಲ್ಲಿ, ಒಲೆ ಎಲ್ಲಿ ಅಂತ ತಿಂಗಳುಗಟ್ಟಲೆ ಲೆಕ್ಕ ಹಾಕಿದ್ದೆ. ಇಳಿಸೋದು ಹೇಗೆ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ನಮ್ಮದು ಮೂಡಿಗೆರೆ ಕಡೆಯ ಸಣ್ಣ ಕಾಫಿ ತೋಟ. ನವೆಂಬರ್‌ನಲ್ಲಿ ಅರೇಬಿಕಾ ಕೊಯ್ಲು ಶುರುವಾದರೆ ರೋಬಸ್ಟಾ ಮುಗಿಯುವ ತನಕ ಪಿಕಪ್ ತೋಟಕ್ಕೇ ಬೇಕು. ಡಬ್ಬ ಇಳಿಯಲೇಬೇಕು.

ಮೊದಲು ತಂದದ್ದು ಒಂದು ಟನ್ನಿನ ಚೈನ್ ಬ್ಲಾಕ್, ಅಂದರೆ ತೊಲೆಗೆ ನೇತುಹಾಕಿ ಚೈನ್ ಎಳೆದು ಭಾರ ಎತ್ತುವ ರಾಟೆ. ಅಗ್ಗ, ಶೆಡ್ಡಿನಲ್ಲಿ ಕಬ್ಬಿಣದ ತೊಲೆಯೂ ಇತ್ತು. ಈ ಕೆಲಸಕ್ಕೆ ಅದು ದುಡ್ಡು ದಂಡ.

ತೊಂದರೆ ಏನಂದರೆ, ಕೊಕ್ಕೆ ಒಂದೇ. ನಾಲ್ಕು ಮೂಲೆಯ ಬೆಲ್ಟೂ ಅದಕ್ಕೇ ಸೇರಬೇಕು. ನನ್ನ ನೀರಿನ ಟ್ಯಾಂಕು ಎಡಗಡೆ, 40 ಲೀಟರ್. ಅಂದರೆ ಒಂದೇ ಪಕ್ಕಕ್ಕೆ 40 ಕೆ.ಜಿ. ಅರ್ಧ ಅಡಿ ಏಳುತ್ತಲೇ ಡಬ್ಬ ಎಡಕ್ಕೆ ವಾಲಿತು, ಒಳಗಿದ್ದ ಪಾತ್ರೆಯೆಲ್ಲ ದಡಬಡ. ನೀರು ಖಾಲಿ ಮಾಡಿದೆ. ಈಗ ಸಿಲಿಂಡರ್ ಇದ್ದ ಹಿಂಬದಿ ಜಗ್ಗಿತು. ಅದನ್ನೂ ತೆಗೆದೆ.

ಆಮೇಲೆ ಸಮವಾಗಿ ನಿಂತಿತು, ಆದರೆ ಸುಮ್ನೆ ನಿಲ್ಲಲಿಲ್ಲ. ಮೆಲ್ಲಗೆ ತಿರುಗತೊಡಗಿತು. ಭಾವ ಹಗ್ಗ ಹಿಡಿದು ಎಳೆಯುತ್ತಾ, "ಇದೇನೋ ಮಾರಾಯ, ಕ್ಯಾಂಪರ್ರಾ ತೊಟ್ಟಿಲಾ?" ಅಂದರು. ಪಿಕಪ್ ಆಚೆ ತೆಗೆದರೂ ಕೆಲಸ ಮುಗಿಯಲಿಲ್ಲ. ನಾಲ್ಕು ತಿಂಗಳು ಚೈನಿನಲ್ಲೇ ನೇತುಹಾಕಿ ಇಡೋಕಾಗುತ್ತಾ? ಕೆಳಗೆ ಡ್ರಮ್ಮು, ಹಲಗೆ ಜೋಡಿಸಬೇಕು. ತೂಗಾಡುವ ಡಬ್ಬದಡಿ ಕೈ ಹಾಕಿದಾಗಲೇ ನನಗೆ ಸಾಕಾಯಿತು. ಸಾಲದ್ದಕ್ಕೆ ಶೆಡ್ಡಿನಲ್ಲಿ ಕಾಫಿ ಮೂಟೆ ಇಡುವ ಜಾಗವೂ ಹೋಯಿತು.

ಮರುವರ್ಷ ನಾಲ್ಕು ಮೂಲೆಗೂ ಹ್ಯಾಂಡಲ್ ತಿರುಗಿಸುವ, ನೆಲಕ್ಕೂರಿ ಡಬ್ಬವನ್ನು ಎತ್ತುವ ಜಾಕ್ ಕಾಲು ಹಾಕಿಸಿದೆ. ಖರ್ಚು ಮೂರು ಪಟ್ಟು. ಕಾಲುಗಳ ನಡುವೆ ಪಿಕಪ್ ಬಾಡಿ ಹಾಯುವಷ್ಟು ಅಗಲ ಮೊದಲೇ ಅಳೆದುಕೊಳ್ಳಿ. ಒಂದೊಂದು ಕಾಲಿಗೆ ಐದೈದು ಸುತ್ತು, ಹಾಗೇ ಸರದಿ ಮೇಲೆ. ಒಂದೇ ಕಾಲನ್ನು ಜಾಸ್ತಿ ಎತ್ತಿದರೆ ಡಬ್ಬ ತಿರುಚಿಕೊಳ್ಳುತ್ತದೆ. ಪಿಕಪ್ ಹೊರಗೆ ಬಂದ ಮೇಲೆ ಆದಷ್ಟು ತಗ್ಗಿಸಿ ಇಡುತ್ತೇನೆ, ಎತ್ತರದಲ್ಲಿದ್ದಷ್ಟೂ ಅಲ್ಲಾಡೋದು ಜಾಸ್ತಿ. ಒಬ್ಬನೇ, ಅರ್ಧ ಗಂಟೆ.

ಒಮ್ಮೆ ಮಳೆ ಬಿದ್ದು ಅಂಗಳದ ಕೆಸರಿಗೆ ಒಂದು ಕಾಲು ಹೂತುಹೋಗಿತ್ತು. ಈಗ ಪ್ರತಿ ಕಾಲಿನಡಿ ದಪ್ಪ ಹಲಗೆ. ಕಣದ ಸಿಮೆಂಟ್ ಮೇಲೆ ನಿಲ್ಲಿಸಬಹುದಲ್ವಾ ಅಂದರೆ, ಡಬ್ಬ ಇಳಿಸುವ ಹೊತ್ತಿಗೇ ಅಲ್ಲಿ ಕಾಫಿ ಹರಡಿರುತ್ತದೆ.

ಗಾಡಿಗೆ ವರ್ಷವಿಡೀ ಬೇರೆ ಕೆಲಸ ಇಲ್ಲದವರು ಎರಡನ್ನೂ ಕೊಳ್ಳಬೇಡಿ, ಡಬ್ಬ ಮೇಲೇ ಇರಲಿ. ಕೊಯ್ಲಿನಲ್ಲಿ ಸಹಾಯಕ್ಕೆ ಜನ ಸಿಗದ ನನ್ನಂಥವರಿಗೆ ಜಾಕ್ ಕಾಲೇ ಸರಿ. ಚೈನ್ ಬ್ಲಾಕ್ ಮಾರಿಲ್ಲ, ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ) ಮೋಟಾರು ಎತ್ತೋಕೆ ಬೇಕಾಗುತ್ತದೆ.