ಎಂಡೋಸ್ಕೋಪಿ ಕಲಿಯಲು ಕಂಪ್ಯೂಟರ್ ಸಿಮ್ಯುಲೇಟರೋ, ರಬ್ಬರ್ ಕರುಳೋ?

ಅಮೆರಿಕದ ಸರ್ಜರಿ ಬೋರ್ಡ್ 2018ರಲ್ಲಿ ತರಬೇತಿ ಮುಗಿಸಿದ ಬ್ಯಾಚಿನಿಂದ ಎಫ್‌ಇಎಸ್ ಎಂಬ ಎಂಡೋಸ್ಕೋಪಿ ಕೌಶಲದ ಪರೀಕ್ಷೆ ಕೇಳತೊಡಗಿತು. ಅದರ ಕೈಕೆಲಸದ ಐದು ಭಾಗಗಳೂ ಕಂಪ್ಯೂಟರ್ ಸಿಮ್ಯುಲೇಟರ್ ಮೇಲೆಯೇ. ಪರೀಕ್ಷೆಯೇ ಗುರಿಯಾದರೆ ಬೇರೆ ಯೋಚನೆ ಬೇಡ. ಅಂಕ, ಸಮಯ ಸಿಮ್ಯುಲೇಟರೇ ಲೆಕ್ಕ ಹಾಕುತ್ತದೆ. ಗಾಳಿ ಜಾಸ್ತಿ ತುಂಬಿದರೆ ಪರದೆಯ ರೋಗಿ ನರಳುತ್ತಾನೆ ಕೂಡ! ಬೆಲೆ ಮಾತ್ರ ಕೈ ಸುಡುತ್ತದೆ.

ರಬ್ಬರ್ ಕರುಳಿನಲ್ಲಿ ನಿಜವಾದ ಸ್ಕೋಪನ್ನೇ (ತುದಿಯಲ್ಲಿ ಕ್ಯಾಮೆರಾ ಇರುವ ಬಾಗುವ ಕೊಳವೆ) ಹಿಡಿಯುತ್ತೀರಿ. ಸಿಗ್ಮಾಯ್ಡ್ ತಿರುವಿನಲ್ಲಿ (ದೊಡ್ಡ ಕರುಳಿನ ಕೊನೆಗೆ ಬರುವ ಡೊಂಕು ಭಾಗ) ನೀವು ಒಳಗೆ ತಳ್ಳುತ್ತಲೇ ಇರುತ್ತೀರಿ, ತುದಿ ಮುಂದೆ ಹೋಗುವುದಿಲ್ಲ: ಸುರುಳಿ ಬಿದ್ದಿದೆ. ಬಲಕ್ಕೆ ತಿರುಚಿ ಹಿಂದಕ್ಕೆಳೆದಾಗ ಅದು ಬಿಚ್ಚಿಕೊಳ್ಳುವುದು ಬೆರಳಿಗೇ ತಿಳಿಯುತ್ತದೆ. ಆದರೆ ಪಕ್ಕದಲ್ಲಿ ತಿದ್ದುವ ಗುರು ಇರಲೇಬೇಕು.

ರಕ್ತಸ್ರಾವಕ್ಕೆ ಕ್ಲಿಪ್ ಹಾಕುವ ಅಭ್ಯಾಸಕ್ಕೆ ಹಂದಿಯ ಜಠರ ಒಳ್ಳೆಯದು. ವಾಸನೆ ಸಹಿಸಿ, ಅದಕ್ಕೆಂದೇ ಬೇರೆ ಸ್ಕೋಪ್ ಇಡಿ.

ದುಡ್ಡು ಕಮ್ಮಿಯಿದ್ದು ಕಲಿಸುವವರಿದ್ದರೆ, ನನ್ನ ಓಟು ರಬ್ಬರ್ ಕರುಳಿಗೆ.